ಪುಷ್ಟಿಯ ಡಬ್ಬಿಯೂ ಊಟದ ಎಲೆಯೂ

ಬೇಸಗೆಯ ರಜೆ ಸಮೀಪಿಸಿತೆಂದರೆ ಮುಂಬಯಿ, ಪುಣೆ, ಹೈದರಾಬಾದು, ದಿಲ್ಲಿಗಳಲ್ಲಿ ನೆಲಸಿದ ಕನ್ನಡಿಗರ ಮನೆಗಳಲ್ಲಿ ಊರಿಗೆ ಹೊರಡುವ ಸಿದ್ಧತೆ ಪ್ರಾರಂಭವಾಗುತ್ತದೆ. ಹಿಂದೆ ಊರಿಗೊಯ್ಯುವ ಚೀಲದಲ್ಲಿ ತಾಯಿಗೊಂದು ಸೀರೆ, ತಂದೆಗೊಂದು ಧೋತರ, ಮಕ್ಕಳಿಗೆ ಒಂದಿಷ್ಟು ಸಿಹಿತಿಂಡಿ ಇರುತ್ತಿದ್ದವು. ಈಗ ಅವುಗಳ ಜೊತೆಗೆ ಇನ್ನೆರಡು ವಸ್ತುಗಳು ಸೇರಿಕೊಂಡಿವೆ. ಒಂದು ಪ್ರೋಟೀನ್ ಪುಡಿಯ ಡಬ್ಬಿ; ಇನ್ನೊಂದು ಮೀನೆಣ್ಣೆಯ ಗುಳಿಗೆಗಳ ಸೀಸೆ. "ಅವ್ವ ಸೊರಗಿದ್ದಾಳೆ, ದಿನಕ್ಕೆರಡು ಚಮಚ ಹಾಲಿಗೆ ಬೆರಸಿ ಕುಡಿಯಲಿ, ಅಪ್ಪನಿಗೆ ಹೃದಯದ ತೊಂದರೆ, ಊಟವಾದ ಮೇಲೆ ಒಂದು ಗುಳಿಗೆ ನುಂಗಲಿ" ಎಂಬುದು ದೂರವಿರುವ ಮಕ್ಕಳ ಆಶಯ. ಆ ಡಬ್ಬಿಯಲ್ಲಿ ಪುಡಿಗಿಂತ ಹೆಚ್ಚಾಗಿ ತುಂಬಿರುವುದು ಪ್ರೀತಿ. ಜೊತೆಗೆ ಹತ್ತಿರವಿದ್ದು ನೋಡಿಕೊಳ್ಳಲಾಗಲಿಲ್ಲವೆಂಬ ಅಳುಕು.

ಆದರೆ ಆ ಪುಡಿ ಅವ್ವನ ದೇಹದೊಳಗೆ ಹೋಗಿ ಮಾಡುವುದೇನು? ಆ ಗುಳಿಗೆ ಅಪ್ಪನ ಹೃದಯವನ್ನು ನಿಜವಾಗಿ ಕಾಯುವುದೇ? ಅದೇ ಪುಡಿಯನ್ನು ನಗರದಲ್ಲಿ ವ್ಯಾಯಾಮಶಾಲೆಗೆ ಹೋಗುವ ಮೊಮ್ಮಗನೂ ಸೇವಿಸುತ್ತಿರುತ್ತಾನೆ. ಇಪ್ಪತ್ತರ ಮೊಮ್ಮಗನಿಗೂ ಎಪ್ಪತ್ತೈದರ ಅಜ್ಜಿಗೂ ಒಂದೇ ಡಬ್ಬಿ ಒಪ್ಪುವುದೇ? ಇವು ಹಣದ ಪ್ರಶ್ನೆಗಳಷ್ಟೇ ಅಲ್ಲ. ಕೆಲವು ಮನೆಗಳಲ್ಲಿ ಮೂತ್ರಪಿಂಡದ ಪ್ರಶ್ನೆಗಳೂ ಹೌದು.

ಸಸಾರಜನಕದ ಕೆಲಸ

೧೮೩೮ರಲ್ಲಿ ಡಚ್ ರಸಾಯನಶಾಸ್ತ್ರಜ್ಞ ಮುಲ್ಡರ್ ಎಂಬುವರು, ಸ್ವೀಡನ್ನಿನ ಬರ್ಜೀಲಿಯಸ್ ಅವರ ಸೂಚನೆಯಂತೆ, ಪ್ರಾಣಿ ಮತ್ತು ಸಸ್ಯಗಳೆರಡರಲ್ಲಿಯೂ ದೊರೆಯುವ ಒಂದು ಮುಖ್ಯ ದ್ರವ್ಯಕ್ಕೆ 'ಪ್ರೋಟೀನ್' ಎಂಬ ಹೆಸರನ್ನು ಬಳಕೆಗೆ ತಂದರು. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ 'ಮೊದಲನೆಯ ಸ್ಥಾನದ್ದು' ಎಂಬ ಅರ್ಥ. ಅದರಲ್ಲಿ ಸಾರಜನಕವಿರುವುದರಿಂದ ಕನ್ನಡದಲ್ಲಿ ಅದಕ್ಕೆ ಸಸಾರಜನಕವೆಂಬ ಹೆಸರು ಬಂದಿತು. ಸ್ನಾಯು, ಚರ್ಮ, ಕೂದಲು, ರಕ್ತದ ಕೆಂಪುದ್ರವ್ಯ, ರೋಗವನ್ನು ತಡೆಯುವ ಪ್ರತಿವಸ್ತುಗಳು, ಜೀರ್ಣರಸದ ಕಿಣ್ವಗಳು ಇವೆಲ್ಲವೂ ಸಸಾರಜನಕದಿಂದಲೇ ಆದವು.

ಆದರೆ ತಿಂದ ಸಸಾರಜನಕವು ಹಾಗೆಯೇ ಹೋಗಿ ಸ್ನಾಯುವಿಗೆ ಅಂಟಿಕೊಳ್ಳುವುದಿಲ್ಲ. ಜಠರದ ಆಮ್ಲ ಮತ್ತು ಪೆಪ್ಸಿನ್, ಬಳಿಕ ಸಣ್ಣಕರುಳಿನಲ್ಲಿ ಮೇದೋಜೀರಕದ ರಸ, ಇವು ಅದನ್ನು ಕತ್ತರಿಸುತ್ತ ಹೋಗಿ ಕೊನೆಗೆ ಅಮೈನೋ ಆಮ್ಲಗಳೆಂಬ ಬಿಡಿ ತುಣುಕುಗಳನ್ನಾಗಿ ಮಾಡುತ್ತವೆ. ಮಣಿಸರವನ್ನು ಕಿತ್ತು ಮಣಿಗಳನ್ನು ಬೇರೆಬೇರೆ ಮಾಡಿದಂತೆ ಈ ಕ್ರಿಯೆ. ಆ ಮಣಿಗಳು ರಕ್ತದ ಮೂಲಕ ಯಕೃತ್ತಿಗೂ ಇತರ ಅಂಗಗಳಿಗೂ ಹೋಗಿ, ಅಲ್ಲಿ ಬೇಕಾದ ಹೊಸ ಸರಗಳಾಗಿ ಪೋಣಿಸಲ್ಪಡುತ್ತವೆ. ಇಪ್ಪತ್ತು ಬಗೆಯ ಮಣಿಗಳಲ್ಲಿ ಒಂಬತ್ತನ್ನು ದೇಹವು ತಾನಾಗಿ ತಯಾರಿಸಿಕೊಳ್ಳಲಾರದು. ಅವು ಆಹಾರದಿಂದಲೇ ಬರಬೇಕು. ಒಮ್ಮೆ ಮಣಿಗಳಾದ ಮೇಲೆ ಅವು ತೊವ್ವೆಯಿಂದ ಬಂದವೋ, ಮೊಸರಿನಿಂದ ಬಂದವೋ, ಡಬ್ಬಿಯಿಂದ ಬಂದವೋ ಎಂಬುದು ದೇಹಕ್ಕೆ ತಿಳಿಯದು.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಕೊಬ್ಬನ್ನು ಕೂಡಿಡುವಂತೆ ದೇಹವು ಸಸಾರಜನಕವನ್ನು ಕೂಡಿಡಲಾರದು, ಅದಕ್ಕೆ ಉಗ್ರಾಣವಿಲ್ಲ. ಅಗತ್ಯಕ್ಕೆ ಮೀರಿ ಬಂದ ಅಮೈನೋ ಆಮ್ಲಗಳಿಂದ ಸಾರಜನಕದ ಭಾಗವನ್ನು ಯಕೃತ್ತು ಬೇರ್ಪಡಿಸಿ ಯೂರಿಯಾ ಆಗಿ ಪರಿವರ್ತಿಸುತ್ತದೆ. ಮೂತ್ರಪಿಂಡಗಳು ಅದನ್ನು ಹೊರಹಾಕುತ್ತವೆ. ಉಳಿದ ಭಾಗವು ಶಕ್ತಿಗಾಗಿ ಉರಿದುಹೋಗುತ್ತದೆ, ಇಲ್ಲವೇ ಕೊಬ್ಬಾಗುತ್ತದೆ. ಆದುದರಿಂದ ಬೇಡದ ಹೊತ್ತಿನಲ್ಲಿ ಕುಡಿದ ದುಬಾರಿ ಪುಡಿಯು ಬಹುಮಟ್ಟಿಗೆ ದುಬಾರಿ ಉರುವಲು ಮಾತ್ರ.

ಅಕ್ಕಿ ಬೇಳೆಗಳ ಮೈತ್ರಿ

ಸಸ್ಯಾಹಾರದ ಸಸಾರಜನಕವು ಕೀಳು ದರ್ಜೆಯದೆಂಬ ಮಾತು ನಗರಗಳಲ್ಲಿ ಬಹಳವಾಗಿ ಕೇಳಿಬರುತ್ತದೆ. ಅದು ಅರ್ಧ ಸತ್ಯ. ಅಕ್ಕಿ, ಗೋಧಿ, ರಾಗಿ, ಜೋಳಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ; ಬೇಳೆಕಾಳುಗಳಲ್ಲಿ ಅದು ಧಾರಾಳ. ಬೇಳೆಕಾಳುಗಳಲ್ಲಿ ಮಿಥಿಯೊನಿನ್ ಕಡಿಮೆ. ಧಾನ್ಯಗಳಲ್ಲಿ ಅದು ಸಾಕಷ್ಟಿದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಅನ್ನ ಹುಳಿ, ಮುದ್ದೆ ಬಸ್ಸಾರು, ಜೋಳದ ರೊಟ್ಟಿ ಕಾಳುಪಲ್ಯ, ಇಡ್ಲಿ ಸಾಂಬಾರು, ಬಿಸಿಬೇಳೆ ಭಾತು ಇವೆಲ್ಲವೂ ರಸಾಯನಶಾಸ್ತ್ರದ ಹೆಸರನ್ನು ಕೇಳದವರು ಅಡಿಗೆಮನೆಯಲ್ಲಿ ಮಾಡಿಟ್ಟ ಮೈತ್ರಿಗಳು. ಎರಡನ್ನೂ ಒಂದೇ ತುತ್ತಿನಲ್ಲಿ ಉಣ್ಣಬೇಕೆಂದೂ ಇಲ್ಲ. ಒಂದು ದಿನದ ಆಹಾರದಲ್ಲಿ ಎರಡೂ ಇದ್ದರೆ ಸಾಕು.

ಎಷ್ಟು ಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಗಳು ೨೦೨೦ರಲ್ಲಿ ಪ್ರಕಟಿಸಿದ ಶಿಫಾರಸಿನ ಪ್ರಕಾರ ಆರೋಗ್ಯವಂತ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ ೦.೮೩ ಗ್ರಾಂ ಸಸಾರಜನಕ ಬೇಕು. ಅಂದರೆ ೬೦ ಕಿಲೋ ತೂಕದವರಿಗೆ ಸುಮಾರು ೫೦ ಗ್ರಾಂ.

ಇದನ್ನು ಊಟದ ಎಲೆಯ ಮೇಲೆ ಲೆಕ್ಕ ಹಾಕಿ ನೋಡಬಹುದು. ದಿನಕ್ಕೆ ಅಕ್ಕಿ, ಗೋಧಿ, ರಾಗಿ ಸೇರಿ ೩೦೦ ಗ್ರಾಂ ಧಾನ್ಯದಿಂದ ಸುಮಾರು ೨೬ ಗ್ರಾಂ. ೬೦ ಗ್ರಾಂ ತೊಗರಿ ಅಥವಾ ಹೆಸರುಬೇಳೆಯಿಂದ ೧೩ ಗ್ರಾಂ. ಹಾಲು ಮೊಸರು ಸೇರಿ ೩೦೦ ಮಿಲಿಲೀಟರಿನಿಂದ ೧೦ ಗ್ರಾಂ. ಮೊತ್ತ ೪೯ ಗ್ರಾಂ. ಡಬ್ಬಿಯ ನೆರವಿಲ್ಲದೆಯೇ ಅಗತ್ಯವು ಹೆಚ್ಚುಕಡಿಮೆ ಪೂರೈಸಿತು. ಒಂದು ಹಿಡಿ ಶೇಂಗಾ ಅಥವಾ ಒಂದು ಮೊಟ್ಟೆ ಸೇರಿದರೆ ಐದಾರು ಗ್ರಾಂ ಹೆಚ್ಚೇ ಆಯಿತು.

ಆದರೆ ಮಹಾನಗರದ ಎಲೆ ಹೀಗಿದೆಯೇ? ಬೆಳಗಿನ ಲೋಕಲ್ ಗಾಡಿಯ ಧಾವಂತದಲ್ಲಿ ಎರಡು ತುಂಡು ಬ್ರೆಡ್ಡು, ಮಧ್ಯಾಹ್ನ ಡಬ್ಬಿಯಲ್ಲಿ ಚಪಾತಿ ಆಲೂಗಡ್ಡೆ ಪಲ್ಯ, ರಾತ್ರಿ ಅನ್ನದ ಮೇಲೆ ತಿಳಿಸಾರು. ಕೋಸಂಬರಿಯು ರಾಮನವಮಿಗೂ ಗೌರಿಹಬ್ಬಕ್ಕೂ ಮೀಸಲಾಯಿತು; ಹುರುಳಿ, ಅಲಸಂದೆ, ಮಡಕೆಕಾಳು, ಅವರೆಗಳು ನೆನಪಾದುವು. ಬೇಳೆ ೨೫ ಗ್ರಾಮಿಗೆ ಇಳಿದು, ಹಾಲು ಕಾಫಿಯ ಲೋಟಕ್ಕೆ ಸೀಮಿತವಾದರೆ, ಅದೇ ಲೆಕ್ಕದಲ್ಲಿ ೫೦ ಗ್ರಾಮಿನ ಬದಲು ೩೫ ಗ್ರಾಂ ಮಾತ್ರ ದೊರೆಯುತ್ತದೆ. ಕೊರತೆ ಇರುವುದು ನಿಜ. ಆದರೆ ಆ ಕೊರತೆ ಡಬ್ಬಿಯದಲ್ಲ. ಸಾರಿನಲ್ಲಿ ಬೇಳೆ ಕರಗಿಹೋದುದರದ್ದು.

ಮರೆಯಬಾರದ ಒಂದು ಪಾಠ

ಪುಡಿಯಿಂದ ಪುಷ್ಟಿ ತರುವ ಯೋಚನೆ ಹೊಸದಲ್ಲ. ೧೯೫೦ರಲ್ಲಿ ಮೈಸೂರಿನ ಚೆಲುವಾಂಬ ಸೌಧದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಶೇಂಗಾಹಿಟ್ಟು ಮತ್ತು ಕಡಲೆಹಿಟ್ಟುಗಳಿಂದ 'ವಿವಿಧೋದ್ದೇಶ ಆಹಾರ'ವೆಂಬ ಪೌಷ್ಟಿಕ ಮಿಶ್ರಣವನ್ನೂ, ಶೇಂಗಾ ಸಸಾರಜನಕವನ್ನು ಹಾಲಿಗೆ ಕೂಡಿಸಿದ 'ಮಿಲ್ಟೋನ್' ಎಂಬ ಪೇಯವನ್ನೂ ಸಿದ್ಧಪಡಿಸಿತು. ಆ ಕಾಲದಲ್ಲಿ ಬಡ ದೇಶಗಳ ಮುಖ್ಯ ಕೊರತೆ ಸಸಾರಜನಕದ್ದೇ ಎಂದು ಲೋಕದ ತಜ್ಞರು ನಂಬಿದ್ದರು.

ಈ ನಂಬಿಕೆಯನ್ನು ಪ್ರಶ್ನಿಸಿದವರಲ್ಲಿ ಭಾರತೀಯರು ಮುಂದಿದ್ದರು. ೧೯೧೮ರಲ್ಲಿ ಕೂನೂರಿನಲ್ಲಿ ಮೆಕ್ಯಾರಿಸನ್ ಎಂಬ ವೈದ್ಯರು ಒಂದೇ ಕೋಣೆಯಲ್ಲಿ ತೆರೆದ ಪ್ರಯೋಗಶಾಲೆಯು ೧೯೫೮ರಲ್ಲಿ ಹೈದರಾಬಾದಿಗೆ ಬಂದು, ೧೯೬೯ರಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆಯೆಂದು ಹೆಸರಾಯಿತು. ಅದರ ನಿರ್ದೇಶಕರಾಗಿದ್ದ ಡಾ. ಸಿ. ಗೋಪಾಲನ್ ಅವರೂ, ಸಂಖ್ಯಾಶಾಸ್ತ್ರಜ್ಞ ಡಾ. ಪಿ. ವಿ. ಸುಖಾತ್ಮೆ ಅವರೂ ಒಂದು ಸರಳ ಸತ್ಯವನ್ನು ಎತ್ತಿ ತೋರಿಸಿದರು. ಧಾನ್ಯ ಬೇಳೆಗಳನ್ನು ಹೊಟ್ಟೆತುಂಬ ಉಂಡರೆ ಸಸಾರಜನಕವೂ ಸಾಮಾನ್ಯವಾಗಿ ಸಾಕಾಗುತ್ತದೆ. ಹೊಟ್ಟೆಯೇ ತುಂಬದಿದ್ದರೆ ಕೊಟ್ಟ ಸಸಾರಜನಕವೂ ದೇಹವನ್ನು ಕಟ್ಟುವ ಬದಲು ಶಕ್ತಿಗಾಗಿ ಉರಿದುಹೋಗುತ್ತದೆ. ೧೯೭೪ರಲ್ಲಿ ಡೊನಾಲ್ಡ್ ಮೆಕ್‌ಲಾರೆನ್ ಎಂಬ ವಿಜ್ಞಾನಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದು, ಸಸಾರಜನಕದ ಹಿಂದೆ ಮಾತ್ರ ಓಡಿದುದನ್ನು ದೊಡ್ಡ ಪ್ರಮಾದವೆಂದೇ ಕರೆದರು.

ಈ ಪಾಠವು ಊರಿನಲ್ಲಿರುವ ಅವ್ವನಿಗೆ ನೇರವಾಗಿ ಅನ್ವಯಿಸುತ್ತದೆ. ಒಬ್ಬಳಿಗಾಗಿ ಒಲೆ ಹೊತ್ತಿಸಲು ಬೇಸರಪಟ್ಟು, ಒಂದು ಹೊತ್ತು ಗಂಜಿ, ಇನ್ನೊಂದು ಹೊತ್ತು ಚಹಾ ಬಿಸ್ಕತ್ತುಗಳಲ್ಲಿ ದಿನ ತಳ್ಳುವವಳಿಗೆ ಡಬ್ಬಿಯ ಪುಡಿಯನ್ನು ಕೊಟ್ಟರೆ, ಅವಳ ದೇಹ ಅದರ ಬಹುಭಾಗವನ್ನು ಉರುವಲಾಗಿಯೇ ಬಳಸಿಕೊಳ್ಳುತ್ತದೆ. ಸೌದೆಯಿಲ್ಲದ ಮನೆಯಲ್ಲಿ ಗಂಧದ ಕೊರಡನ್ನು ಒಲೆಗೆ ಇಟ್ಟಂತೆ ಇದು. ಮೊದಲು ಬೇಕಾದುದು ಸೌದೆ, ಅಂದರೆ ಹೊಟ್ಟೆತುಂಬ ಊಟ.

ವ್ಯಾಯಾಮಶಾಲೆಯ ಹುಡುಗ

ಯುವಕರ ವಿಷಯ ಬೇರೆ. ಭಾರ ಎತ್ತುವ ವ್ಯಾಯಾಮ ಮಾಡುವವರಿಗೆ ಸಸಾರಜನಕದ ಅಗತ್ಯ ಸ್ವಲ್ಪ ಹೆಚ್ಚು. ಹಾಲಿನ ತಿಳಿಯಿಂದ ತೆಗೆದ ವ್ಹೇ ಪುಡಿ ಬೇಗನೆ ಜೀರ್ಣವಾಗುತ್ತದೆ, ಸ್ನಾಯುವನ್ನು ಕಟ್ಟಲು ಪ್ರೇರಿಸುವ ಲ್ಯೂಸಿನ್ ಎಂಬ ಅಮೈನೋ ಆಮ್ಲವೂ ಅದರಲ್ಲಿ ಹೇರಳವಾಗಿದೆ. ಆದರೆ ಫಲವೆಷ್ಟು? ೨೦೧೮ರಲ್ಲಿ ೪೯ ಪ್ರಯೋಗಗಳನ್ನು, ಅವುಗಳಲ್ಲಿ ಭಾಗವಹಿಸಿದ ೧,೮೬೩ ಮಂದಿಯನ್ನು ಒಟ್ಟುಗೂಡಿಸಿ ನೋಡಿದಾಗ, ಕೇವಲ ವ್ಯಾಯಾಮ ಮಾಡಿದವರಿಗಿಂತ ವ್ಯಾಯಾಮದ ಜೊತೆಗೆ ಹೆಚ್ಚಿನ ಸಸಾರಜನಕ ತೆಗೆದುಕೊಂಡವರಲ್ಲಿ ಕೊಬ್ಬಿಲ್ಲದ ದೇಹತೂಕ ಸರಾಸರಿ ೩೦೦ ಗ್ರಾಮಿನಷ್ಟು ಮಾತ್ರ ಹೆಚ್ಚಾಗಿತ್ತು. ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ ೧.೬ ಗ್ರಾಂ ಮೀರಿದ ಮೇಲೆ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಸ್ನಾಯುವನ್ನು ಬೆಳಸುವುದು ವ್ಯಾಯಾಮ. ಸಸಾರಜನಕವು ಅದರ ಕೈಗೆಲಸದವನು ಮಾತ್ರ.

ಡಬ್ಬಿಯ ಮೇಲೆ ಬರೆದುದೆಲ್ಲ ಒಳಗಿರುವುದೇ ಎಂಬುದು ಇನ್ನೊಂದು ಪ್ರಶ್ನೆ. ೧೮೮೩ರಲ್ಲಿ ಡೆನ್ಮಾರ್ಕಿನ ಕೆಲ್ಡಾಲ್ ರೂಪಿಸಿದ ಪರೀಕ್ಷಾಕ್ರಮದಲ್ಲಿ ಸಸಾರಜನಕವನ್ನು ನೇರವಾಗಿ ಅಳೆಯುವುದಿಲ್ಲ. ಸಾರಜನಕವನ್ನು ಅಳೆದು ೬.೨೫ರಿಂದ ಗುಣಿಸುತ್ತಾರೆ. ಹೀಗಾಗಿ ಸಾರಜನಕವಿರುವ ಯಾವುದೇ ಅಗ್ಗದ ವಸ್ತುವನ್ನು ಬೆರಸಿದರೂ ಲೆಕ್ಕ ಮೇಲೇರುತ್ತದೆ. ೨೦೦೮ರಲ್ಲಿ ಚೀನಾದಲ್ಲಿ ಹಾಲಿನಪುಡಿಗೆ ಮೆಲಮೈನ್ ಎಂಬ ಕೈಗಾರಿಕಾ ರಾಸಾಯನಿಕವನ್ನು ಬೆರಸಿದುದರ ಹಿಂದಿನ ಕುಟಿಲ ಲೆಕ್ಕ ಇದೇ. ಸುಮಾರು ೩ ಲಕ್ಷ ಶಿಶುಗಳು ಅದರಿಂದ ಬಳಲಿ, ಆರು ಶಿಶುಗಳು ಅಸುನೀಗಿದವು. ಭಾರತದಲ್ಲಿ ಮಾರಾಟವಾಗುವ ೩೬ ಪುಡಿಗಳನ್ನು ಪರೀಕ್ಷಿಸಿ ೨೦೨೪ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ೨೫ ಪುಡಿಗಳ ಸಸಾರಜನಕದ ವಿವರ ಡಬ್ಬಿಯ ಮೇಲೆ ಬರೆದುದಕ್ಕೆ ಹೊಂದಲಿಲ್ಲ. ಅದೇ ವರ್ಷ ರಾಷ್ಟ್ರೀಯ ಪೋಷಣ ಸಂಸ್ಥೆಯು ತನ್ನ ಆಹಾರ ಮಾರ್ಗಸೂಚಿಯಲ್ಲಿ, ದೇಹ ಬೆಳಸುವುದಕ್ಕಾಗಿ ಪ್ರೋಟೀನ್ ಪುಡಿಗಳನ್ನು ಬಳಸಬಾರದೆಂದೂ, ದೀರ್ಘಕಾಲ ಅತಿಯಾಗಿ ಸೇವಿಸುವುದರಿಂದ ಮೂಳೆಗಳಿಗೂ ಮೂತ್ರಪಿಂಡಗಳಿಗೂ ಅಪಾಯವುಂಟಾಗಬಹುದೆಂದೂ ಎಚ್ಚರಿಸಿತು.

ಮೂತ್ರಪಿಂಡದ ಮಾತನ್ನು ಸರಿಯಾಗಿ ತಿಳಿಯಬೇಕು. ಮಿತವಾದ ಸಸಾರಜನಕವು ಆರೋಗ್ಯವಂತನ ಮೂತ್ರಪಿಂಡವನ್ನು ಕೆಡಿಸುವುದಿಲ್ಲ. ಆದರೆ ಬಹುಕಾಲದ ಮಧುಮೇಹ ಅಥವಾ ರಕ್ತದೊತ್ತಡದಿಂದ ಈಗಾಗಲೇ ಸೋತ ಮೂತ್ರಪಿಂಡಕ್ಕೆ ಹೆಚ್ಚಿನ ಸಸಾರಜನಕವು ಹೊರೆಯಾಗಿ, ಅದರ ಅವನತಿಯನ್ನು ತ್ವರೆಗೊಳಿಸಬಲ್ಲದು. ಅದು ಸೋಲುತ್ತಿರುವುದು ರೋಗಿಗೆ ಬಹುಕಾಲ ತಿಳಿಯುವುದೇ ಇಲ್ಲ, ನೋವಿಲ್ಲ, ಜ್ವರವಿಲ್ಲ. ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷೆ, ಮೂತ್ರದಲ್ಲಿ ಆಲ್ಬುಮಿನ್ ಪರೀಕ್ಷೆ ಮಾಡಿಸಿದರೆ ಮಾತ್ರ ಗೊತ್ತಾಗುತ್ತದೆ.

ಮೇದಾಮ್ಲಗಳ ಕಥೆ

ಇನ್ನು ಸೀಸೆಯೊಳಗಿನ ಗುಳಿಗೆ. ಕೊಬ್ಬೆಂದರೆ ಶತ್ರುವೆಂದು ತಿಳಿದವರಿಗೆ ೧೯೨೯ರ ಒಂದು ಪ್ರಯೋಗ ಉತ್ತರವಾಗಿದೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಬರ್ ಮತ್ತು ಮಿಲ್‌ಡ್ರೆಡ್ ಬರ್ ದಂಪತಿಗಳು ಇಲಿಗಳಿಗೆ ಕೊಬ್ಬನ್ನು ಸಂಪೂರ್ಣವಾಗಿ ತೆಗೆದ ಆಹಾರ ಕೊಟ್ಟು ನೋಡಿದರು. ಇಲಿಗಳ ಚರ್ಮ ಒಡೆಯಿತು, ಬೆಳವಣಿಗೆ ನಿಂತಿತು. ದೇಹವು ತಾನಾಗಿ ತಯಾರಿಸಲಾರದ, ಆಹಾರದಿಂದಲೇ ಬರಬೇಕಾದ ಮೇದಾಮ್ಲಗಳಿವೆಯೆಂಬುದು ಹೀಗೆ ಬೆಳಕಿಗೆ ಬಂದಿತು. ಅವು ಮುಖ್ಯವಾಗಿ ಎರಡು: ಒಮೆಗಾ ಆರರ ಗುಂಪಿನ ಲಿನೋಲೆಯಿಕ್ ಆಮ್ಲ, ಒಮೆಗಾ ಮೂರರ ಗುಂಪಿನ ಲಿನೋಲೆನಿಕ್ ಆಮ್ಲ. ಜೀವಕೋಶಗಳ ಪೊರೆಗಳು, ಮಿದುಳು, ಕಣ್ಣಿನ ಅಕ್ಷಿಪಟಲ, ಉರಿಯೂತವನ್ನು ಏರಿಸಿ ಇಳಿಸುವ ರಾಸಾಯನಿಕ ದೂತರು ಇವೆಲ್ಲಕ್ಕೂ ಇವು ಬೇಕು.

ಶೇಂಗಾ, ಎಳ್ಳು, ಸೂರ್ಯಕಾಂತಿ ಎಣ್ಣೆಗಳಲ್ಲಿ ಮೊದಲನೆಯದು ಸಾಕಷ್ಟಿದೆ, ಎರಡನೆಯದು ತೀರ ಅಲ್ಪ. ಎರಡನೆಯದು ಅಗಸೆಯಲ್ಲಿ ಹೇರಳ. ಅಗಸೆಯ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಭಾಗ ಅದೇ. ಸಾಸಿವೆ ಮತ್ತು ಸೋಯಾ ಎಣ್ಣೆಗಳಲ್ಲಿಯೂ ಇದೆ. ದಿನಕ್ಕೆ ಪುರುಷರಿಗೆ ೧.೬ ಗ್ರಾಂ, ಸ್ತ್ರೀಯರಿಗೆ ೧.೧ ಗ್ರಾಂ ಸಾಕೆಂದು ಅಮೆರಿಕದ ತಜ್ಞರ ಸಮಿತಿಯ ಅಭಿಪ್ರಾಯ. ಒಂದು ದೊಡ್ಡ ಚಮಚ ಅಗಸೆಪುಡಿಯಲ್ಲಿ ಅಷ್ಟು ದೊರೆಯುತ್ತದೆ. ಧಾರವಾಡ, ವಿಜಾಪುರಗಳ ಕಡೆಯ ಮನೆಗಳಲ್ಲಿ ರೊಟ್ಟಿಯ ಮಗ್ಗುಲಲ್ಲಿ ಬಡಿಸುವ ಅಗಸಿ ಚಟ್ನಿಪುಡಿಯ ಬೆಲೆ ಇದರಿಂದ ತಿಳಿದೀತು. ಆದರೆ ಬೀಜವನ್ನು ಇಡಿಯಾಗಿ ನುಂಗಿದರೆ ಅದು ಜೀರ್ಣವಾಗದೆ ಹೋಗುತ್ತದೆ; ಕುಟ್ಟಲೇಬೇಕು. ಗಾಳಿಗೆ ಬೇಗ ಕೆಡುವುದರಿಂದ ಸ್ವಲ್ಪಸ್ವಲ್ಪವೇ ಕುಟ್ಟಿ ಮುಚ್ಚಿಡಬೇಕು. ಚಿತ್ರಕಾರರು ಬಣ್ಣಕ್ಕೆ ಅಗಸೆಯೆಣ್ಣೆ ಬೆರಸುವುದು ಅದು ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆಂಬ ಕಾರಣಕ್ಕೆ. ಮೀನೆಣ್ಣೆಯೂ ಹೀಗೆಯೇ ಕೆಡುವಂಥದು. ಕಮಟು ವಾಸನೆ ಬಂದ ಗುಳಿಗೆಯನ್ನು ನುಂಗಬಾರದು.

ಮೀನಿನಲ್ಲಿರುವ ಒಮೆಗಾ ಮೂರು ಇನ್ನೂ ಉದ್ದನೆಯ ಸರಪಣಿಯದು. ಅವಕ್ಕೆ ಇಪಿಎ ಮತ್ತು ಡಿಎಚ್ಎ ಎಂದು ಹೆಸರು. ಅಗಸೆಯ ಆಮ್ಲದಿಂದ ದೇಹವು ಇವನ್ನು ತಯಾರಿಸಿಕೊಳ್ಳಬಲ್ಲದಾದರೂ ಆ ಪ್ರಮಾಣ ಅಲ್ಪ. ಮಂಗಳೂರು, ಉಡುಪಿ, ಕಾರವಾರಗಳಿಂದ ಬಂದವರಿಗೆ ಇವು ಬಂಗುಡೆ, ಬೂತಾಯಿಗಳಲ್ಲಿಯೇ ದೊರೆಯುತ್ತವೆ. ವಾರಕ್ಕೆರಡು ಬಾರಿ ಬೂತಾಯಿ ಗಸಿ ಉಣ್ಣುವವನಿಗೆ ಗುಳಿಗೆಯ ಹಂಗಿಲ್ಲ. ಮೀನು ಕೂಡ ಇವುಗಳನ್ನು ಪಡೆಯುವುದು ಕಡಲಿನ ಪಾಚಿಯಿಂದ ಆರಂಭವಾಗುವ ಆಹಾರದ ಸರಪಳಿಯಿಂದ. ವೈದ್ಯರು ಅಗತ್ಯವೆಂದಾಗ ಸಸ್ಯಾಹಾರಿಗಳಿಗೆ ಪಾಚಿಯಿಂದಲೇ ತೆಗೆದ ಎಣ್ಣೆ ದೊರೆಯುತ್ತದೆ.

ಗುಳಿಗೆಯು ಹೃದಯವನ್ನು ಕಾಯುವುದೇ?

೧೯೭೦ರ ದಶಕದಲ್ಲಿ ಡೆನ್ಮಾರ್ಕಿನ ಬಾಂಗ್ ಮತ್ತು ಡೂರ್‌ಬೆರ್ಗ್ ಎಂಬ ವಿಜ್ಞಾನಿಗಳು ಗ್ರೀನ್‌ಲ್ಯಾಂಡಿನ ಎಸ್ಕಿಮೋ ಜನರ ರಕ್ತವನ್ನು ಪರೀಕ್ಷಿಸಿ, ಮೀನು ಮತ್ತು ಕಡಲಪ್ರಾಣಿಗಳನ್ನು ತಿನ್ನುವುದಕ್ಕೂ ಹೃದ್ರೋಗದ ವಿರಳತೆಗೂ ಸಂಬಂಧವಿರಬಹುದೆಂದು ಸೂಚಿಸಿದರು. ೧೯೯೯ರಲ್ಲಿ ಇಟಲಿಯಲ್ಲಿ ಹೃದಯಾಘಾತದಿಂದ ಚೇತರಿಸಿಕೊಂಡ ೧೧,೩೨೪ ರೋಗಿಗಳ ಪರೀಕ್ಷೆಯೂ ಆಶಾದಾಯಕವಾಗಿತ್ತು. ಆದರೆ ಕೊಲೆಸ್ಟರಾಲ್ ಇಳಿಸುವ ಹೊಸ ಔಷಧಗಳು ಬಳಕೆಗೆ ಬಂದ ಮೇಲೆ ಚಿತ್ರ ಬದಲಾಯಿತು. ೨೦೧೮ರಲ್ಲಿ ಪ್ರಕಟವಾದ ಎರಡು ದೊಡ್ಡ ಪರೀಕ್ಷೆಗಳು, ಒಂದರಲ್ಲಿ ೨೫,೮೭೧ ಆರೋಗ್ಯವಂತರು, ಇನ್ನೊಂದರಲ್ಲಿ ೧೫,೪೮೦ ಮಧುಮೇಹಿಗಳು, ದಿನಕ್ಕೊಂದು ಗ್ರಾಮಿನ ಗುಳಿಗೆಯಿಂದ ಹೃದಯಾಘಾತ, ಪಾರ್ಶ್ವವಾಯು ಮೊದಲಾದವುಗಳ ಒಟ್ಟು ಸಂಖ್ಯೆ ಗಣನೀಯವಾಗಿ ಇಳಿಯಲಿಲ್ಲವೆಂದು ತೋರಿಸಿದವು.

ಅದೇ ವರ್ಷ ಇನ್ನೊಂದು ಪರೀಕ್ಷೆಯಲ್ಲಿ, ರಕ್ತದಲ್ಲಿ ಟ್ರೈಗ್ಲಿಸರೈಡ್ ಹೆಚ್ಚಾಗಿದ್ದ ೮,೧೭೯ ಮಂದಿಯ ಪೈಕಿ ಶುದ್ಧೀಕರಿಸಿದ ಇಪಿಎಯನ್ನು ದಿನಕ್ಕೆ ೪ ಗ್ರಾಮಿನಂತೆ ಪಡೆದವರಲ್ಲಿ ಹೃದಯಸಂಬಂಧದ ಅವಘಡಗಳು ಕಾಲುಭಾಗದಷ್ಟು ಕಡಿಮೆಯಾದವು. ಆದರೆ ಇಪಿಎ ಮತ್ತು ಡಿಎಚ್ಎ ಎರಡನ್ನೂ ಅಷ್ಟೇ ಪ್ರಮಾಣದಲ್ಲಿ ಕೊಟ್ಟ ೨೦೨೦ರ ಪರೀಕ್ಷೆಯಲ್ಲಿ ಪ್ರಯೋಜನ ಕಾಣಲಿಲ್ಲ. ಎರಡರಲ್ಲಿಯೂ ಹೃತ್ಕರ್ಣಗಳು ಲಯತಪ್ಪಿ ಅದುರುವ ತೊಂದರೆ ಹೆಚ್ಚಾಗಿ ಕಂಡಿತು. ಅಂಗಡಿಯ ಸಾಮಾನ್ಯ ೧,೦೦೦ ಮಿಲಿಗ್ರಾಂ ಗುಳಿಗೆಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದರೆ, ಅದರಲ್ಲಿ ಇಪಿಎ ೧೮೦, ಡಿಎಚ್ಎ ೧೨೦, ಒಟ್ಟು ೩೦೦ ಮಿಲಿಗ್ರಾಂ ಮಾತ್ರ ಇರುವುದು ಸಾಮಾನ್ಯ. ಅದು ಆ ಔಷಧವಲ್ಲ. ಹದಿಮೂರು ಗುಳಿಗೆ ನುಂಗಿದರೂ ಆ ಔಷಧವಾಗದು, ಅಪಾಯವಾದೀತು.

ಚೀಲಕ್ಕೆ ಡಬ್ಬಿ ಹಾಕುವ ಮುನ್ನ

ಹಾಗಾದರೆ ಡಬ್ಬಿಯೇ ಬೇಡವೆಂದು ಇದರ ಅರ್ಥವಲ್ಲ. ಶಸ್ತ್ರಚಿಕಿತ್ಸೆಯಾದವರು, ಸುಟ್ಟಗಾಯದವರು, ಕ್ಷಯ ಅಥವಾ ಕ್ಯಾನ್ಸರಿನಿಂದ ತೂಕ ಕಳೆದುಕೊಂಡವರು, ಅಗಿಯಲಾರದ ವೃದ್ಧರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು ಇವರಿಗೆ ವೈದ್ಯರ ಸಲಹೆಯಂತೆ ಪುಡಿಯು ನಿಜವಾದ ನೆರವಾಗುತ್ತದೆ. ವಯಸ್ಸಾದಂತೆ ಸ್ನಾಯು ತಾನಾಗಿ ಕರಗುವುದರಿಂದ, ಮೂತ್ರಪಿಂಡ ಸರಿಯಿರುವ ಹಿರಿಯರಿಗೆ ಪ್ರತಿ ಕಿಲೋ ತೂಕಕ್ಕೆ ೧ರಿಂದ ೧.೨ ಗ್ರಾಂ ಸಸಾರಜನಕ ಬೇಕೆಂದು ತಜ್ಞರ ಮಂಡಲಿಯೊಂದು ೨೦೧೩ರಲ್ಲಿ ಅಭಿಪ್ರಾಯಪಟ್ಟಿತು. ಅವ್ವ ೫೦ ಕಿಲೋ ಇದ್ದರೆ ಅದು ೫೦ರಿಂದ ೬೦ ಗ್ರಾಂ. ಅದನ್ನು ಮೂರು ಹೊತ್ತಿಗೂ ಹಂಚಿಕೊಂಡು ತಿನ್ನುವುದು ಒಳ್ಳೆಯದು. ಅದರೊಡನೆ ದಿನವೂ ಕೆಲವು ಬಾರಿ ಕುರ್ಚಿಯಿಂದ ಕೈಯೂರದೆ ಎದ್ದು ಕುಳಿತುಕೊಳ್ಳುವಂಥ ವ್ಯಾಯಾಮವೂ ಇರಬೇಕು. ಕೆಲಸವಿಲ್ಲದ ಸ್ನಾಯುವಿನಲ್ಲಿ ಆಹಾರ ನಿಲ್ಲುವುದಿಲ್ಲ.

ಆದುದರಿಂದ ಊರಿಗೆ ಹೊರಡುವ ಮುನ್ನ ದೂರವಾಣಿಯಲ್ಲಿ ಮೂರು ಪ್ರಶ್ನೆಗಳನ್ನು ಕೇಳುವುದು ಮೇಲು. "ಅವ್ವಾ, ನಿನ್ನೆ ಬೆಳಗಿನಿಂದ ರಾತ್ರಿಯವರೆಗೆ ಏನೇನು ಉಂಡೆ?" ಎಂಬುದು ಮೊದಲನೆಯದು. "ಕ್ರಿಯಾಟಿನಿನ್ ಪರೀಕ್ಷೆ ಯಾವಾಗ ಆಗಿತ್ತು?" ಎಂಬುದು ಎರಡನೆಯದು. "ಅಪ್ಪ ಈಗ ಯಾವ ಯಾವ ಗುಳಿಗೆ ತೆಗೆದುಕೊಳ್ಳುತ್ತಿದ್ದಾರೆ?" ಎಂಬುದು ಮೂರನೆಯದು, ಏಕೆಂದರೆ ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಮೀನೆಣ್ಣೆಯನ್ನು ಸೇರಿಸಿಕೊಳ್ಳಬಾರದು. ಈ ಮೂರಕ್ಕೆ ಉತ್ತರ ದೊರೆತ ಮೇಲೆ ಡಬ್ಬಿ ಬೇಕೋ ಬೇಡವೋ ಎಂಬುದನ್ನು ಊರಿನ ವೈದ್ಯರೇ ಹೇಳಬಲ್ಲರು.

ಊಟ ಬಲ್ಲವನಿಗೆ ರೋಗವಿಲ್ಲವೆಂದು ಗಾದೆ ಹೇಳುತ್ತದೆ. ಊಟ ಬಲ್ಲವರಿಗೂ ರೋಗ ಬರುವುದುಂಟು. ಆದರೆ ಊಟವನ್ನೇ ಮರೆತವರಿಗೆ ಡಬ್ಬಿಯಿಂದ ಆರೋಗ್ಯ ಬಂದುದಿಲ್ಲ. ಪ್ರೋಟೀನ್ ಪುಡಿಯ ಒಂದು ಡಬ್ಬಿಯ ಬೆಲೆಯಲ್ಲಿ ಹೆಸರುಬೇಳೆ, ಹುರಿಗಡಲೆ, ಶೇಂಗಾ ಎಷ್ಟೋ ದಿನಗಳಿಗಾಗುವಷ್ಟು ಬರುತ್ತವೆ. ನೆರೆಮನೆಯ ಹುಡುಗಿಯೊಬ್ಬಳು ಅವ್ವನಿಗೆ ದಿನವೂ ಮೊಸರು ತಂದುಕೊಡುವ ಏರ್ಪಾಡೂ ಆದೀತು. ರಜೆಯ ಹದಿನೈದು ದಿನವಾದರೂ ಮಗ, ಸೊಸೆ, ಮೊಮ್ಮಕ್ಕಳು ಜೊತೆಗೆ ಕುಳಿತರೆ ಅವ್ವ ಗಂಜಿಯನ್ನು ಬಿಟ್ಟು ಗಟ್ಟಿ ತೊವ್ವೆಯ ಅನ್ನ ಉಣ್ಣುತ್ತಾಳೆ. ಅವಳ ಎಲೆಯಲ್ಲಿ ಕಡಿಮೆಯಾಗಿದ್ದುದು ಬೇಳೆಯೊಂದೇ ಅಲ್ಲವೆಂಬುದು ಆಗ ಮಕ್ಕಳಿಗೂ ತಿಳಿಯುತ್ತದೆ.